ಮನಸ್ಸಿನ ಕಾಯಿಲೆಗೂ ಮದ್ದುಂಟು



ಹಸು ಎರಡು ದಿನ ಮೇವು ಬಿಟ್ಟರೆ ಡಾಕ್ಟರನ್ನು ಕರೆಸುತ್ತೇವೆ. ಮನೆ ಮಗ ಎರಡು ತಿಂಗಳು ಮಾತು ಬಿಟ್ಟು ಮೂಲೆ ಹಿಡಿದರೆ? ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ, ಬೀಗರಿಗೆ ತಿಳಿಯದ ಹಾಗೆ ಬಾಗಿಲು ಹಾಕಿಕೊಳ್ಳುತ್ತೇವೆ.

ನಿಮ್ಹಾನ್ಸ್ ವೈದ್ಯರು 1970ರ ದಶಕದಲ್ಲೇ ಬನ್ನೇರುಘಟ್ಟ ಹತ್ತಿರದ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಗಳಲ್ಲಿ ಓಡಾಡಿ ಅಧ್ಯಯನ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ ಕೊಟ್ಟರೆ ಮೂರ್ಛೆರೋಗಕ್ಕೂ ಚಿತ್ತವಿಕಲತೆಗೂ ಅಲ್ಲೇ ಮಾತ್ರೆ ಕೊಡಬಹುದೆಂದು ಕಂಡುಕೊಂಡರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಡೆಸಿ ನೋಡಿದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಮ್ಮ ನಾಡಿನ ಹಳ್ಳಿಯವರಿಂದ ದೇಶ ಕಲಿತ ಪಾಠ ಇದು, ನಮಗೇ ಗೊತ್ತಿಲ್ಲ!

ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 100ಕ್ಕೆ ಸುಮಾರು 10 ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಹೆಚ್ಚಿನವರಿಗೆ ಚಿಕಿತ್ಸೆಯೇ ಇರಲಿಲ್ಲ.

ಕೆಂಗೇರಿ ಸುತ್ತ ಹೊಲಗಳು ಸೈಟಾದವು. ದುಡ್ಡು ಬಂತು, ಕೆಲಸ ಹೋಯಿತು. ಕೆಲವು ಮನೆಗಳಲ್ಲಿ ಕುಡಿತ, ಸಾಲ ಜೊತೆಯಾದವು. ಇದನ್ನು ಮಾತ್ರೆಯೊಂದೇ ವಾಸಿ ಮಾಡದು. ಕಂತು ತಪ್ಪಿದ ಸದಸ್ಯರ ಮನೆಗೆ ನೋಟೀಸಿಗೆ ಮುಂಚೆ ನಿರ್ದೇಶಕರೊಬ್ಬರು ಹೋಗಿ ಯೋಗಕ್ಷೇಮ ಕೇಳಿ ಬರಲಿ ಅಂತ ನನ್ನ ಕೋರಿಕೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಸಂಘದ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ.