ನಮ್ಮೂರ ಸಂತೆ ನಾವೇ ನಡೆಸೋಣ



ಮುಂಡರಗಿಯಿಂದ ಹೂವಿನಹಡಗಲಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಕೊರ್ಲಹಳ್ಳಿ ಇದೆ. ಹೊಳೆಯ ಈಚೆ ಗದಗ ಜಿಲ್ಲೆ, ಆಚೆ ವಿಜಯನಗರ ಜಿಲ್ಲೆ. ಈ ಭಾಗದಲ್ಲಿ ನೀರಿದ್ದವರು ಬದನಿಕಾಯಿ, ಮೆಂತೆ, ಪುಂಡಿಪಲ್ಲೆ ಬೆಳೆಯುತ್ತಾರೆ. ಎರೆಹೊಲದವರು ಜೋಳ, ಕಡಲಿ, ಹೆಸರು ಬೆಳೆಯುತ್ತಾರೆ. ಆದರೆ ಇಂಥ ಊರುಗಳಲ್ಲಿ ಆಗುವುದೇನು? ಬೆಳೆದ ಕಾಯಿಪಲ್ಲೆ ಬೆಳಗಿನ ಗಾಡಿಗೆ ಪೇಟೆಗೆ ಹೋಗುತ್ತದೆ. ಸಂಜೆಯ ಗಾಡಿಗೆ ಪೇಟೆಯ ಕಾಯಿಪಲ್ಲೆ ಹಳ್ಳಿಗೆ ಬರುತ್ತದೆ. ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ. ನಡುವಿನ ರೊಕ್ಕ ಎಲ್ಲಿ ಹೋಯಿತು ಅಂತ ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ?

ಈಗ ಹಾಕೋಣ. ಮಾತಿಗೆಂದು 40 ಕಿಲೋ ಬದನಿಕಾಯಿ ಹಿಡಿಯಿರಿ. ಪೇಟೆಯಲ್ಲಿ ಕಿಲೋಕ್ಕೆ 15ರಂತೆ 600 ರೂಪಾಯಿ ಬಂತು. ಗಾಡಿ ಬಾಡಿಗೆ, ಹಮಾಲಿ ಎಲ್ಲ ಸೇರಿ 120 ಹೋದರೆ ಕೈಗೆ ಉಳಿದದ್ದು 480. ಅದೇ ಮಾಲನ್ನು ಊರ ಸಂತೆಯಲ್ಲಿ 20ರಂತೆ 30 ಕಿಲೋ ಮಾರಿದಿರಿ, 600 ಬಂತು. ಸಂಜೆಗೆ ಉಳಿದ 10 ಕಿಲೋವನ್ನು 8ರಂತೆ ಕೊಟ್ಟಿರಿ, 80 ಬಂತು. ಸಂತೆ ಕರ 20 ಕಳೆದರೆ ಕೈಗೆ 660. ಕೊಂಡ ತಾಯಿಗೂ ಪೇಟೆಯ 30 ರೂಪಾಯಿ ಮಾಲು 20ಕ್ಕೆ ಸಿಕ್ಕಿತು. ನಿಮ್ಮ ಊರಿನ ದರ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

ಆದರೆ ಒಂದು ಮಾತು ನೆನಪಿಡಿರಿ. ಸಂತೆ ಎಲ್ಲ ರೋಗಕ್ಕೂ ಮದ್ದಲ್ಲ. ನೂರು ಚೀಲ ಉಳ್ಳಾಗಡ್ಡಿ ಬೆಳೆದವರು ಅದನ್ನು ಊರ ಸಂತೆಯಲ್ಲಿ ಮಾರಲಾರರು. ಅವರು ಕೃಷಿ ಉತ್ಪನ್ನ ಮಾರುಕಟ್ಟೆಗೇ ಹೋಗಬೇಕು. ಊರ ಸಂತೆ ಇರುವುದು ಬುಟ್ಟಿಯ ಮಾಲಿಗೆ: ಪಲ್ಲೆಗೆ, ಕಾಯಿಗೆ, ಹಾಲು-ಮೊಸರಿಗೆ, ಮನೆಯಲ್ಲಿ ಮಾಡಿದ ಹಪ್ಪಳ-ಸಂಡಿಗೆಗೆ. ಈ ರೊಕ್ಕ ಬಹಳ ಮಾಡಿ ಹೆಣ್ಣುಮಕ್ಕಳ ಕೈಗೆ ಬರುತ್ತದೆ. ಮಕ್ಕಳ ಪಾಟಿ-ಪುಸ್ತಕಕ್ಕೆ, ಔಷಧಕ್ಕೆ ಆಗುತ್ತದೆ. ಆದುದರಿಂದ ಇದನ್ನು ಸಣ್ಣದೆಂದು ತಿಳಿಯಬಾರದು.

ಹಾಗಾದರೆ ಸಂತೆಗಳು ಯಾಕೆ ನಿಂತುಹೋಗುತ್ತವೆ? ಮೊದಲ ವಾರ ಹತ್ತು ಮಂದಿ ಮಾರಲು ಬರುತ್ತಾರೆ. ಗಿರಾಕಿ ಕಡಿಮೆ. ಮರುವಾರ ಐದು ಮಂದಿ ಬರುತ್ತಾರೆ. ಮಾಲು ಕಡಿಮೆ ಎಂದು ಗಿರಾಕಿ ಮತ್ತೂ ಕಡಿಮೆ. ಕೊಳ್ಳುವವರಿಲ್ಲ ಎಂದು ಇವರು ಬರಲಿಲ್ಲ, ಮಾರುವವರಿಲ್ಲ ಎಂದು ಅವರು ಬರಲಿಲ್ಲ! ತಿಂಗಳೊಪ್ಪತ್ತಿನಲ್ಲಿ ಸಂತೆ ಮುಗಿಯಿತು. ಮುಂದೆ ಪೇಟೆಯವರು ಹೇಳಿದ್ದೇ ದರ.

ಇದನ್ನು ತಪ್ಪಿಸಲಿಕ್ಕೆ ಹೀಗೆ ಮಾಡ್ರಿ.

ಮೊದಲನೆಯದು, ದಿನ. ನೆರೆಯೂರಿನ ಸಂತೆಯ ದಿನ ಬಿಟ್ಟು ಬೇರೆ ದಿನ ಹಿಡಿಯಿರಿ. ಹಿಡಿದ ಮೇಲೆ ಬದಲಿಸಬೇಡಿರಿ. ಕನಿಷ್ಠ ಮೂರು ತಿಂಗಳು ತಪ್ಪದೆ ಬರುತ್ತೇವೆಂದು ಹದಿನೈದು ಮನೆಗಳು ಮೊದಲೇ ಮಾತು ಕೊಡಬೇಕು. ಅರ್ಧ ದಿನ ಕೂಡಲು ಪುರಸೊತ್ತಿಲ್ಲವೇ? ಇಬ್ಬರ ಮಾಲನ್ನು ಒಬ್ಬರು ಮಾರಲಿ, ಮರುವಾರ ಇನ್ನೊಬ್ಬರು ಕೂಡಲಿ.

ಎರಡನೆಯದು, ಜಾಗ. ಗ್ರಾಮ ಪಂಚಾಯಿತಿಗೆ ಸಂತೆ ನಡೆಸುವ ಮತ್ತು ಕರ ಎತ್ತುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟಿದೆ. ಗ್ರಾಮಸಭೆಯಲ್ಲಿ ಎದ್ದು ಕೇಳಿರಿ: ನೆರಳು, ಕುಡಿಯುವ ನೀರು, ಮಳೆನೀರು ಹರಿಯುವ ಗಟಾರ, ಹೆಣ್ಣುಮಕ್ಕಳಿಗೆ ಶೌಚಾಲಯ. ಕರ ಎಷ್ಟೆಂಬುದನ್ನು ಫಲಕದ ಮೇಲೆ ಬರೆಸಿರಿ, ಕೊಟ್ಟದ್ದಕ್ಕೆ ಪಾವತಿ ಪಡೆಯಿರಿ.

ಮೂರನೆಯದು, ತಕ್ಕಡಿ. ಕಲ್ಲನ್ನು ತೂಕವೆಂದು ಇಡುವ ಸಂತೆಯನ್ನು ಗಿರಾಕಿ ನಂಬುವುದಿಲ್ಲ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಊರವರು ಕೂಡಿ ಒಂದು ಸಾರ್ವಜನಿಕ ತಕ್ಕಡಿ ಇಟ್ಟರೆ, ಸಂಶಯ ಬಂದವರು ಅಲ್ಲೇ ತೂಗಿ ನೋಡಬಹುದು.

ನಾಲ್ಕನೆಯದು, ದರ. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ತಮಿಳುನಾಡಿನಲ್ಲಿ ಉಳವರ್ ಸಂದೈ ಎಂಬ ರೈತರ ಸಂತೆಗಳು ಆರಂಭವಾದವು. ಬೆಳೆದವರೇ ಮಾರಬೇಕು, ದಿನದ ದರ ಫಲಕದ ಮೇಲೆ ಇರಬೇಕು ಎಂಬುದೇ ಅಲ್ಲಿಯ ಮುಖ್ಯ ನಿಯಮ. ನಮ್ಮಲ್ಲಿಯೂ ಬೆಳಿಗ್ಗೆ ಪೇಟೆಯ ದರ ಫೋನಿನಲ್ಲಿ ಕೇಳಿ, ಕರಿಹಲಗೆಯ ಮೇಲೆ ಬರೆಯಬಹುದು. ಪೇಟೆಯಲ್ಲಿ ರೈತನಿಗೆ ಸಿಗುವುದಕ್ಕಿಂತ ಹೆಚ್ಚು, ಗಿರಾಕಿ ಅಲ್ಲಿ ಕೊಡುವುದಕ್ಕಿಂತ ಕಡಿಮೆ: ಇದರ ನಡುವೆ ದರ ನಿಲ್ಲಲಿ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಪೇಟೆಯ ಅಂಗಡಿಯಲ್ಲಿ ಹೇಳಿದಷ್ಟು ಕೊಟ್ಟು ಸುಮ್ಮನೆ ಬರುವ ನಾವು, ನಮ್ಮೂರ ಅವ್ವನ ಮುಂದೆ ಮಾತ್ರ ಎರಡು ಸಿವುಡು ಮೆಂತೆಗೆ ಅರ್ಧ ತಾಸು ಚೌಕಾಶಿ ಮಾಡುತ್ತೇವೆ. ಇದು ನ್ಯಾಯವೇ, ನೀವೇ ಹೇಳ್ರಿ. ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ, ಮದುವೆ-ಮುಂಜಿಗೆ ಬೇಕಾದ ಕಾಯಿಪಲ್ಲೆಯನ್ನು ಆದಷ್ಟು ಊರ ಸಂತೆಯಲ್ಲೇ ಕೊಂಡರೆ, ಬಂದ ಮಾಲು ಉಳಿಯುವುದಿಲ್ಲ.

ಇದೆಲ್ಲ ಹಳ್ಳಿಯವರಿಂದ ಆಗುವ ಕೆಲಸವೇ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಇಂಥ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಸಂಘ ನಿಲ್ಲುವುದು ಬರೇ ರೊಕ್ಕದ ಮೇಲಲ್ಲ. ಮಾತು ಮತ್ತು ಲೆಕ್ಕ ಎರಡೂ ನೆಟ್ಟಗಿದ್ದರೆ ಅದು ನಿಲ್ಲುತ್ತದೆ. ಸಂತೆಯೂ ಹಾಗೆಯೇ. ಐದು ಮಂದಿಯ ಸಮಿತಿ ಮಾಡಿರಿ. ಅದರಲ್ಲಿ ಮಾರುವ ಹೆಣ್ಣುಮಕ್ಕಳೂ ಕೊಳ್ಳುವವರೂ ಇರಲಿ. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಿರಿ.

ಹನಿ ಕೂಡಿದರೆ ಹಳ್ಳ, ತೆನೆ ಕೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಅಂದಿದ್ದಾರೆ. ಬರುವ ವಾರ ನಿಮ್ಮ ಓಣಿಯಲ್ಲಿ ಆ ಹದಿನೈದು ಮನೆಗಳು ಯಾವುವು ಎಂದು ಎಣಿಸಿ ನೋಡಿರಿ. ಮೊದಲನೆಯ ಮನೆ ನಿಮ್ಮದೇ ಇರಲಿ.