ಮೂರು ಅಕ್ಷರದ ಪದ ಹುಡುಕೋಣ



ಹೊಲದ ಕೆಲಸ ಮುಗಿಸಿದ್ದೇವೆ. ಒಲೆ ಆರಿಸಿದ್ದೇವೆ. ಮಕ್ಕಳನ್ನು ಮಲಗಿಸಿ ಇಲ್ಲಿ ಬಂದು ಕೂತಿದ್ದೇವೆ. ಮೈ ದಣಿದಿದೆ. ಕಣ್ಣು ಎಳೀತಾ ಇದೆ. ಅದಕ್ಕೇ ಇವತ್ತು ಪಾಠ ಬೇಡ. ಒಂದು ಆಟ ಆಡೋಣ. ಸೀಮೆಸುಣ್ಣದ ಒಂದು ಚೂರು ಸಾಕು.

ಮೊದಲು ಅಕ್ಷರ ಎಣಿಸೋದು ಕಲಿಯೋಣ. ‘ಅಮ್ಮ’ ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಎರಡು. ‘ಅ’ ಒಂದು, ‘ಮ್ಮ’ ಒಂದು. ಒತ್ತು ಬಂದರೂ ಅದು ಒಂದೇ ಅಕ್ಷರ. ತಾಯಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರೆ ಬಸ್ಸಿನಲ್ಲಿ ಒಂದೇ ಸೀಟು ತಾನೇ? ಇದೂ ಹಾಗೇ. ಕೊಂಬು, ಗುಡಿಸು, ದೀರ್ಘ ಸೇರಿದರೂ ಅಷ್ಟೆ. ಸೊನ್ನೆಯನ್ನೂ ಪಕ್ಕದ ಅಕ್ಷರದ ಜೊತೆಗೇ ಎಣಿಸೋಣ. ‘ಲಕ್ಷ್ಮಿ’ ಅಂತ ಬರೆಯೋದು ಕಷ್ಟ. ಎಣಿಸಿದರೆ ಎರಡೇ ಅಕ್ಷರ!

ಈಗ ಅಡುಗೆಮನೆಗೆ ಹೋಗೋಣ. ಎರಡು ಅಕ್ಷರದ ಪದ ಯಾವುದಿದೆ? ಅಕ್ಕಿ, ರಾಗಿ, ಜೋಳ, ಬೇಳೆ, ಉಪ್ಪು, ಎಣ್ಣೆ, ಬೆಲ್ಲ, ಹಾಲು, ತುಪ್ಪ. ನೋಡಿದಿರಾ? ದಿನಾ ಮುಟ್ಟೋ ಸಾಮಾನೆಲ್ಲ ಎರಡೇ ಅಕ್ಷರದ್ದು. ಮೂರು ಅಕ್ಷರದ್ದು? ಮೆಣಸು, ಈರುಳ್ಳಿ, ಬೆಳ್ಳುಳ್ಳಿ. ನಾಲ್ಕು ಅಕ್ಷರದ್ದು? ಅರಿಶಿನ, ಕೊತ್ತಂಬರಿ.

ಇನ್ನು ಆಟ. ನೆಲದ ಮೇಲೆ ಸಾಲಾಗಿ ಮೂರು ಮನೆ ಬರೆಯೋಣ. ನಡುವಿನ ಮನೆಯಲ್ಲಿ ‘ಸ’ ಇಡೋಣ. ಕೊನೆಯ ಮನೆಯಲ್ಲಿ ‘ರು’ ಇಡೋಣ. ಮೊದಲ ಮನೆ ಖಾಲಿ. ಅಲ್ಲಿ ಯಾರು ಬಂದರೆ ಪದ ಆಗುತ್ತೆ?

ಸುಮ್ಮನೆ ತಲೆ ಕೆರೆದುಕೊಂಡರೆ ಸಿಗೋದಿಲ್ಲ. ಅದಕ್ಕೊಂದು ದಾರಿ ಇದೆ. ನಾವು ಕಲಿತ ಕಾಗುಣಿತ ಇದೆಯಲ್ಲ? ಕ, ಕಾ, ಕಿ, ಕೀ ಅಂತ ಒಂದೊಂದಾಗಿ ಖಾಲಿ ಮನೆಗೆ ಕರೆಯೋಣ. ಪ್ರತಿ ಸಲ ಜೋರಾಗಿ ಓದೋಣ. ‘ಕೆ’ ಬಂದಾಗ ಏನಾಯ್ತು? ಕೆಸರು! ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳೋ ಕೆಸರು. ‘ಮೊ’ ಬಂದರೆ ಮೊಸರು. ‘ಎ’ ಬಂದರೆ ಎಸರು. ಅನ್ನಕ್ಕೆ ಇಡ್ತೀವಲ್ಲ, ಅದೇ ಎಸರು. ‘ಹೆ’ ಬಂದರೆ ಹೆಸರು. ಹೆಸರುಕಾಳಿನ ಹೆಸರೂ ಅದೇ, ನಮ್ಮ ನಿಮ್ಮ ಹೆಸರೂ ಅದೇ.

ಈಗ ನಡುವಿನ ‘ಸ’ಗೆ ಒಂದು ಗುಡಿಸು ಹಾಕೋಣ. ‘ಸಿ’ ಆಯ್ತು. ಮೊದಲ ಮನೆಗೆ ‘ಹ’ ಬಂದರೆ ಹಸಿರು. ‘ಉ’ ಬಂದರೆ ಉಸಿರು. ‘ಬ’ ಬಂದರೆ ಬಸಿರು. ಒಂದು ಸಣ್ಣ ಗುಡಿಸು ಎಷ್ಟು ಕೆಲಸ ಮಾಡ್ತು ನೋಡಿ.

‘ಇದೆಲ್ಲ ಮಕ್ಕಳಾಟ, ನಮಗ್ಯಾಕೆ?’ ಅಂತ ಕೇಳಬಹುದು. ಹಾಸನದ ಬಸ್ ನಿಲ್ದಾಣದಲ್ಲಿ ನಿಂತಿದ್ದೇವೆ ಅಂತ ಇಟ್ಟುಕೊಳ್ಳಿ. ಒಂದು ಬಸ್ಸಿನ ಬೋರ್ಡು ‘ಮಂಗಳೂರು’. ಇನ್ನೊಂದು ‘ಬೆಂಗಳೂರು’. ಎರಡರಲ್ಲೂ ನಾಲ್ಕು ಅಕ್ಷರ. ‘ಗಳೂರು’ ಅನ್ನೋ ಬಾಲ ಎರಡಕ್ಕೂ ಒಂದೇ. ಬೇರೆ ಇರೋದು ಮೊದಲ ಅಕ್ಷರ ಮಾತ್ರ. ಬಾಲ ನೋಡಿ ಹತ್ತಿದರೆ ಏನಾಗುತ್ತೆ? ಪೂರ್ವಕ್ಕೆ ಹೋಗಬೇಕಾದವರು ಘಟ್ಟ ಇಳಿದು ಪಶ್ಚಿಮದ ಸಮುದ್ರಕ್ಕೆ ಹೋಗಿ ಮುಟ್ಟುತ್ತೇವೆ! ಕಡೂರು, ಬೀರೂರು ಅಕ್ಕಪಕ್ಕದ ಊರುಗಳು. ಎರಡೂ ಮೂರು ಅಕ್ಷರ. ಎರಡರ ಕೊನೆಗೂ ‘ರು’. ಆದ್ದರಿಂದ ಎಣಿಸಿದರೆ ಸಾಲದು. ಪ್ರತಿ ಮನೆಯಲ್ಲೂ ಯಾರಿದ್ದಾರೆ ಅಂತ ನೋಡಬೇಕು.

ನಮ್ಮ ಜೊತೆ ಕಲಿತ ಒಬ್ಬ ಅಕ್ಕನ ಮಾತು ಹೇಳುತ್ತೇವೆ. ಕೂಲಿ ಕೊಡುವ ದಿನ. ನಾವೆಲ್ಲ ಸಾಲಿನಲ್ಲಿ ನಿಂತಿದ್ದೆವು. ‘ನಿನ್ನ ದುಡ್ಡು ಆಗಲೇ ಕೊಟ್ಟಾಗಿದೆ, ಇಲ್ಲಿದೆ ನೋಡು ನಿನ್ನ ಹೆಸರು’ ಅಂತ ಅವರಿಗೆ ಪಟ್ಟಿ ತೋರಿಸಿದರು. ಮುಂಚೆ ಆಗಿದ್ದರೆ ಅವರು ತಲೆ ತಗ್ಗಿಸಿ ಬರುತ್ತಿದ್ದರು. ಅವತ್ತು ಬೆರಳಿಟ್ಟು ಎಣಿಸಿದರು. ಅವರ ಹೆಸರು ನಾಲ್ಕು ಅಕ್ಷರದ್ದು. ಅಲ್ಲಿ ಇದ್ದದ್ದು ಮೂರೇ. ಮೊದಲ ಎರಡು ಅಕ್ಷರ ಸರಿಯಾಗಿತ್ತು. ಆಮೇಲೆ ಬೇರೆ. ‘ಸ್ವಾಮಿ, ಇದು ನಾನಲ್ಲ’ ಅಂದರು. ಪಟ್ಟಿ ಮತ್ತೆ ನೋಡಿದರು. ಅವರ ಹೆಸರು ಇನ್ನೂ ಕೆಳಗೆ ಇತ್ತು. ದುಡ್ಡು ಬಾಕಿ ಇತ್ತು. ಆರು ದಿನದ ಕೂಲಿ ಕೈಗೆ ಬಂತು. ಆ ಅಕ್ಕನಿಗೆ ಪೂರ್ತಿ ಪಟ್ಟಿ ಓದೋಕೆ ಆಗ ಬರುತ್ತಿರಲಿಲ್ಲ. ಆದರೆ ತನ್ನ ಹೆಸರಿನ ಪ್ರತಿ ಅಕ್ಷರವೂ ಗೊತ್ತಿತ್ತು.

1991ರ ಜನಗಣತಿಯಲ್ಲಿ ನಮ್ಮ ಕರ್ನಾಟಕದಲ್ಲಿ 7 ವರ್ಷ ದಾಟಿದ ನೂರು ಹೆಂಗಸರಲ್ಲಿ ಓದು ಬರಹ ಬಲ್ಲವರು ಸುಮಾರು 44 ಜನ. 2011ರ ಹೊತ್ತಿಗೆ ಅದು 68 ಆಯಿತು. ಹೀಗೇ ಸಂಜೆ ಹೊತ್ತು ಕೂತು ಕಲಿತವರೂ ಆ ಲೆಕ್ಕದಲ್ಲಿ ಇದ್ದಾರೆ. ಅವತ್ತು ಉಳಿದ 32 ಜನರೂ ನಮ್ಮಂಥವರೇ. ಅವರನ್ನೂ ಕರೆದುಕೊಂಡು ಬರೋಣ. ನಾಚಿಕೆ ಬೇಡ ಅಂತ ಹೇಳೋಣ. ಬಂದವರಿಗೆ ಮೊದಲ ದಿನವೇ ಈ ಆಟ ಕಲಿಸೋಣ.

ನಾಳೆಗೆ ಒಂದು ಕೆಲಸ. ಮೂರು ಮನೆ ಬರೆಯಿರಿ. ಮೊದಲ ಮನೆಯಲ್ಲಿ ‘ಹೆ’ ಇಡಿ. ಸೊನ್ನೆ ಸೇರಿದರೂ ಆದೀತು. ಉಳಿದ ಎರಡು ಮನೆ ಖಾಲಿ ಇರಲಿ. ಸೊಪ್ಪು ಸೋಸುವಾಗ, ನೀರು ಸೇದುವಾಗ ಹುಡುಕಿ. ಹೆಗಲು ಸಿಗುತ್ತೆ. ಹೆಂಗಸು ಸಿಗುತ್ತೆ. ಹೆಬ್ಬೆಟ್ಟು ಸಿಗುತ್ತೆ. ಹೆಸರೂ ಸಿಗುತ್ತೆ.

ಹೆಬ್ಬೆಟ್ಟಿಗೂ ಮೂರೇ ಮನೆ, ಹೆಸರಿಗೂ ಮೂರೇ ಮನೆ. ಇಷ್ಟು ದಿನ ನಾವು ಹೆಬ್ಬೆಟ್ಟು ಒತ್ತಿದೆವು. ಇನ್ನು ಮೇಲೆ ಹೆಸರು ಬರೆಯೋಣ.

ಬನ್ನಿ, ಸೀಮೆಸುಣ್ಣ ಯಾರ ಕೈಯಲ್ಲಿದೆ?