ಮಾತ್ರೆ ತಗೊಂಡ್ಯಾ?

ಮನೇಲಿ ಎಲ್ಲರೂ ಕೂತು ಯಾವುದೋ ಹಳೇ ಮಾತಿಗೆ ಬಿದ್ದುಬಿದ್ದು ನಗ್ತಿರ್ತೀರಿ. ಅಷ್ಟರಲ್ಲಿ ಅಮ್ಮ ನಿಮ್ಮ ಕಡೆ ತಿರುಗಿ ಮೆಲ್ಲಗೆ ಕೇಳ್ತಾರೆ, "ಮಾತ್ರೆ ತಗೊಂಡ್ಯಾ?" ನಕ್ಕಿದ್ದು ಎಲ್ಲರೂ, ಪ್ರಶ್ನೆ ನಿಮಗೊಬ್ಬರಿಗೇ. ಬೈಪೋಲಾರ್ ಕಾಯಿಲೆ ಇರೋರಿಗೆ ಇದು ಎಷ್ಟು ಚುಚ್ಚತ್ತೆ ಅನ್ನೋದು ಕೇಳಿಸಿಕೊಂಡವರಿಗೇ ಗೊತ್ತು.

ಅಮ್ಮನ ಹೆದರಿಕೆಗೂ ಕಾರಣ ಇದೆ. ಮೇನಿಯಾ, ಅಂದ್ರೆ ಈ ಕಾಯಿಲೆಯಲ್ಲಿ ಮನಸ್ಸು ಮಿತಿಮೀರಿ ಉಬ್ಬೋ ಹಂತ, ಎಷ್ಟೋ ಸಲ ನಗುವಿನಿಂದಲೇ ಶುರುವಾಗತ್ತೆ. ಎರಡು ಮೂರು ಗಂಟೆ ಮಲಗಿದ್ರೂ ಆಯಾಸ ಇರಲ್ಲ, ಬಾಯಿಗೆ ಬ್ರೇಕ್ ಇರಲ್ಲ, ಕೈಯಲ್ಲಿ ದುಡ್ಡು ನಿಲ್ಲಲ್ಲ. 'ನನ್ನನ್ನ ಬಿಟ್ರೆ ಇಲ್ಲ' ಅನ್ನೋ ಭಾವನೆ ಕೂಡ ಡಾಕ್ಟರುಗಳ ಲಕ್ಷಣದ ಪಟ್ಟಿಯಲ್ಲೇ ಇದೆ. ಆಮೇಲೆ ಅದೇ ಮನುಷ್ಯ ಖಿನ್ನತೆಗೆ ಜಾರಿ 'ನಾನು ಯಾತಕ್ಕೂ ಬಾರದವನು' ಅಂತಾನೆ. ಸಾಲದ ಕಂತೂ ಆಗಲೇ ಬಾಗಿಲಿಗೆ ಬಂದಿರತ್ತೆ.

ಸಿನಿಮಾದಲ್ಲಿ ನಾವು ನೋಡೋದು ಬರೀ ಅಬ್ಬರ. ಆದ್ರೆ ಅಮೆರಿಕದಲ್ಲಿ ತೀವ್ರ ಬಗೆಯ ಬೈಪೋಲಾರ್ ಇದ್ದ 146 ಜನರನ್ನ ಸರಾಸರಿ 13 ವರ್ಷದ ಹತ್ತಿರ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಬಂತು. 100 ವಾರದಲ್ಲಿ ಸುಮಾರು 32 ವಾರ ಖಿನ್ನತೆ, ಮೇನಿಯಾದ ಕಡೆಯದು ಬರೀ 9.

ಸರಿ, ಆರಾಮಾಗಿರೋ ದಿನಗಳು? ನನಗನ್ಸೋದು, ಆತ್ಮಗೌರವಕ್ಕೆ ನಿಜವಾದ ಪೆಟ್ಟು ಬೀಳೋದು ಇಲ್ಲೇ. ಒಳ್ಳೇ ಸುದ್ದಿ ಬಂದ್ರೂ 'ಈ ಖುಷಿ ನನ್ನದಾ, ಕಾಯಿಲೆದಾ?' ಅನ್ನೋ ಅನುಮಾನ. ಕೆಲವರು ತಮ್ಮ ಖುಷಿಗೆ ತಾವೇ ತಣ್ಣೀರೆರಚ್ತಾರೆ. ಇನ್ನು ಕೆಲವರು ಊದಿ ಊದಿ ಉರಿ ಎಬ್ಬಿಸ್ಕೋತಾರೆ. ಮಾತ್ರೆ ಬಿಡೋ ಆಸೆ ಹುಟ್ಟೋದೂ ಇಂಥ ದಿನಗಳಲ್ಲೇ. ಲಿಥಿಯಂ ಅನ್ನೋ ಔಷಧಿ ಮೇನಿಯಾವನ್ನ ತಣಿಸತ್ತೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ತೋರಿಸಿಕೊಟ್ರು. ಆದ್ರೂ ಬೈಪೋಲಾರ್ ಇರೋ ಕೇ ರೆಡ್‌ಫೀಲ್ಡ್ ಜೇಮಿಸನ್, ಸ್ವತಃ ಮನಶ್ಶಾಸ್ತ್ರಜ್ಞೆ, ಅದನ್ನ ಮತ್ತೆ ಮತ್ತೆ ನಿಲ್ಲಿಸಿದ್ದನ್ನ 1995ರ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಓದಿಕೊಂಡವರಿಗೇ ಹೀಗಾದ್ರೆ, ನಮ್ಮನೆ ಹುಡುಗನ್ನ ಬೈಯೋದು ಹೇಗೆ?

ಮಾತ್ರೆ ಜೊತೆಗೆ ನೆಚ್ಚಿಕೊಳ್ಳಬಹುದಾದ್ದು ಗಡಿಯಾರ. ಏಳೋ, ಉಣ್ಣೋ, ಮಲಗೋ ಹೊತ್ತು ದಿನಾ ಒಂದೇ ಇರಲಿ. ಅಮೆರಿಕದ ಎಲೆನ್ ಫ್ರಾಂಕ್ ಇದರ ಮೇಲೇ ಒಂದು ಚಿಕಿತ್ಸೆ ಕಟ್ಟಿದ್ರು. ಒಂದೇ ರಾತ್ರಿ ನಿದ್ದೆಗೆಟ್ಟರೂ ಕೆಲವರಿಗೆ ಮೇನಿಯಾ ಕೆರಳಬಹುದು. ಶಿವರಾತ್ರಿ ಜಾಗರಣೆ ಬೇಡ ಅಂತ ಅಜ್ಜಿನ ಒಪ್ಪಿಸೋದಿದ್ಯಲ್ಲ, ಅದು ಬೇರೆ ಕಥೆ!

ಆರಾಮಿದ್ದಾಗಲೇ ಮನೆಯವರ ಜೊತೆ ಕೂತು ಒಂದು ಒಪ್ಪಂದ ಮಾಡ್ಕೊಳ್ಳಿ: "ಎರಡು ರಾತ್ರಿ ನಿದ್ದೆ ಕಮ್ಮಿಯಾದ್ರೆ ಹೇಳಿ, ಡಾಕ್ಟರ್‌ಗೆ ಫೋನ್ ಮಾಡೋಣ. ನಕ್ಕಿದ್ದಕ್ಕೆ ಕೇಳಬೇಡಿ." ಸಾಯೋ ಯೋಚನೆ ಬಂದ್ರೆ ಮಾತ್ರ ಯಾವ ಒಪ್ಪಂದಕ್ಕೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.